ಕೇಳಿದ್ದೀರಿ, ಹೇಳುತ್ತೇನೆ: ಮಂಡಿ ನೋವೆಂದು ಕೂತುಬಿಡಬೇಡಿ

ಹೋದ ಸಂಚಿಕೆಯಲ್ಲಿ ಸೊಂಟ ನೋವಿನ ಬಗ್ಗೆ ಬರೆದದ್ದೇ ತಡ, ಮಂಡಿ ನೋವಿನ ಪತ್ರಗಳು ಬರತೊಡಗಿದವು. ಹೆಚ್ಚಿನವು ನಲವತ್ತೈದು ದಾಟಿದವರದ್ದು. ಎಲ್ಲದಕ್ಕೂ ಉತ್ತರ ಕೊಡಲು ಇಲ್ಲಿ ಜಾಗವಿಲ್ಲ. ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದನ್ನು ಆರಿಸಿಕೊಂಡಿದ್ದೇನೆ. ನಾನು ಫಿಸಿಯೋಥೆರಪಿಸ್ಟ್, ಮದ್ದು ಬರೆದುಕೊಡುವವಳಲ್ಲ. ಮಾತ್ರೆಗಳ ಬಗ್ಗೆ ಇಲ್ಲಿ ಹೇಳಿದ್ದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿಯೇ ಮಾಡಿ.

ಪ್ರಶ್ನೆ: ನನಗೆ 52 ವರ್ಷ. ಮನೆ ಗುಡ್ಡೆಯ ಮೇಲೆ, ಅಡಿಕೆ ತೋಟ ಕೆಳಗೆ. ಎರಡೂ ಮಂಡಿ ನೋವು. ಎಕ್ಸ್‌ರೇ ತೆಗೆದು "ಸವೆದಿದೆ" ಅಂದರು. ಆಸ್ಪತ್ರೆಯಲ್ಲಿ ವ್ಯಾಯಾಮದ ಚೀಟಿ ಕೊಟ್ಟಿದ್ದಾರೆ, ಅದು ಮಲಯಾಳದಲ್ಲಿದೆ. ನನಗೆ ಓದಲು ಬರುವುದಿಲ್ಲ. ಇದ್ದದ್ದೂ ಸವೆಯುವುದು ಬೇಡ ಅಂತ ತೋಟಕ್ಕೆ ಇಳಿಯುವುದನ್ನೇ ಬಿಟ್ಟಿದ್ದೇನೆ. ಆದರೂ ನೋವು ಜಾಸ್ತಿಯಾಗುತ್ತಿದೆ. ಯಾಕೆ ಮೇಡಂ? (ಪೆರ್ಲ)

ಅಕ್ಕ, ತೋಟಕ್ಕೆ ಇಳಿಯುವುದನ್ನು ಬಿಟ್ಟದ್ದರಿಂದಲೇ ನೋವು ಜಾಸ್ತಿ ಆಗಿರಬಹುದು. ನನ್ನ ಹತ್ತಿರ ಬರುವ ಹೆಂಗಸರಲ್ಲಿ ತುಂಬಾ ಜನ ನಿಮ್ಮ ಹಾಗೆಯೇ ಹೆದರಿ ಕೂತವರು. ಅವರ ಮಂಡಿಗಿಂತ ಮೊದಲು ಸೊರಗುವುದು ಅವರ ತೊಡೆ.

ಮಂಡಿಯೊಳಗೆ ಮೂಳೆಯ ತುದಿಗೆ ನುಣುಪಾದ ಒಂದು ಪದರ ಇದೆ. ಅದಕ್ಕೆ ರಕ್ತನಾಳ ಇಲ್ಲ. ಕಾಲಿಗೆ ಭಾರ ಬಿದ್ದು, ಮಂಡಿ ಮಡಚಿ ಬಿಡಿಸಿದಾಗ ಗಂಟಿನೊಳಗಿನ ನೀರು ಆ ಪದರದ ಒಳಗೆ ಹೊರಗೆ ಹೋಗಿ ಬರುತ್ತದೆ. ಅದಕ್ಕೆ ಆಹಾರ ಸಿಗುವುದು ಹಾಗೆ. ಅಲ್ಲಾಡಿಸದೆ ಇಟ್ಟರೆ ಅದಕ್ಕೂ ಉಪವಾಸ. ಇನ್ನು ತೊಡೆಯ ಮುಂದಿನ ದೊಡ್ಡ ಸ್ನಾಯು. ನೀವು ಇಳಿಜಾರಿನಲ್ಲಿ ಹೆಜ್ಜೆ ಇಟ್ಟಾಗ ಭಾರವನ್ನು ತಡೆದು ಹಿಡಿಯುವುದು ಅದೇ. ಕೂತವರಲ್ಲಿ ಅದು ಬೇಗ ಕರಗುತ್ತದೆ. ಆಮೇಲೆ ಭಾರವೆಲ್ಲ ನೇರವಾಗಿ ಗಂಟಿನ ಮೇಲೆ.

ಎಕ್ಸ್‌ರೇ ಬಗ್ಗೆಯೂ ಒಂದು ಮಾತು. ಫಿಲ್ಮಿನಲ್ಲಿ ತುಂಬಾ ಸವೆದದ್ದು ಕಂಡರೂ ಆರಾಮಾಗಿ ನಡೆಯುವವರಿದ್ದಾರೆ. ಸ್ವಲ್ಪವೇ ಸವೆದಿದ್ದರೂ ರಾತ್ರಿ ನಿದ್ದೆ ಬಾರದವರಿದ್ದಾರೆ. ಫಿಲ್ಮು ನೋಡಿ ನಿಮ್ಮ ಮುಂದಿನ ಇಪ್ಪತ್ತು ವರ್ಷವನ್ನು ಯಾರೂ ಹೇಳಲಾರರು. ಅದನ್ನು ಕಪಾಟಿನಲ್ಲಿಟ್ಟು ವ್ಯಾಯಾಮಕ್ಕೆ ಕೂತುಕೊಳ್ಳಿ.

ಆ ಚೀಟಿಯ ಬಗ್ಗೆ ಓದಿ ಬೇಸರವಾಯಿತು. ಕೇರಳಕ್ಕೆ ಸೇರಿದ ಈ ಕಾಸರಗೋಡು ಕಡೆಯ ಕನ್ನಡದವರಿಗೆ, ಅದರಲ್ಲೂ ವಯಸ್ಸಾದವರಿಗೆ, ಇದು ಮುಗಿಯದ ಕಷ್ಟ. ಮುಂದಿನ ಸಲ ಹೋದಾಗ ವ್ಯಾಯಾಮ ಹೇಳಿಕೊಡುವವರ ಎದುರೇ ಒಂದು ಸಲ ಮಾಡಿ ತೋರಿಸಿ, ಸರಿ ಇದೆಯಾ ಅಂತ ಕೇಳಿ. ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಬಿಡಿ ಅಂತಲೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಮಂಡಿಗೆ ಸಾಮಾನ್ಯವಾಗಿ ಹೇಳಿಕೊಡುವುದನ್ನು ನಾನಿಲ್ಲಿ ಬರೆಯುತ್ತೇನೆ.

ಮಂಚದ ಮೇಲೆ ಕಾಲು ನೀಡಿ ಕೂತುಕೊಳ್ಳಿ. ಒಂದು ಬೈರಾಸನ್ನು (ಟವೆಲನ್ನು) ಸುರುಳಿ ಸುತ್ತಿ ಮಂಡಿಯ ಅಡಿಗೆ ಇಡಿ. ಈಗ ಮಂಡಿಯ ಹಿಂಭಾಗದಿಂದ ಆ ಸುರುಳಿಯನ್ನು ಕೆಳಗೆ ಒತ್ತಿ. ಪಾದ ನಿಮ್ಮ ಕಡೆ ತಿರುಗಿರಲಿ. ಮಂಡಿಚಿಪ್ಪಿನ ಸ್ವಲ್ಪ ಮೇಲೆ ಎರಡು ಬೆರಳು ಇಟ್ಟು ನೋಡಿ. ಒತ್ತುವಾಗ ಅಲ್ಲಿ ಸ್ನಾಯು ಗಟ್ಟಿಯಾಗಿ ಉಬ್ಬಬೇಕು. ಉಬ್ಬದಿದ್ದರೆ ನೀವು ಸೊಂಟದಿಂದ ಒತ್ತುತ್ತಿದ್ದೀರಿ ಅಂತ ಅರ್ಥ. ಐದು ಎಣಿಸಿ, ಬಿಡಿ. ಉಸಿರು ಕಟ್ಟಬೇಡಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಇದು ಸಲೀಸಾದ ಮೇಲೆ ಮಲಗಿ ಮಾಡುವುದು. ಒಂದು ಕಾಲು ಮಡಚಿರಲಿ. ಇನ್ನೊಂದನ್ನು ಮಂಡಿ ಬಗ್ಗಿಸದೆ ಒಂದು ಗೇಣು ಮೇಲೆತ್ತಿ, ಐದು ಎಣಿಸಿ, ನಿಧಾನ ಇಳಿಸಿ. ದೊಪ್ಪನೆ ಬಿಡಬೇಡಿ, ಇಳಿಸುವುದರಲ್ಲೇ ಅರ್ಧ ಕೆಲಸ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿ ಬೇಕು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಪಾದ ಎರಡೂ ಹಿಂದಕ್ಕೆ, ಎದೆ ಮುಂದಕ್ಕೆ, ಕೈ ಊರದೆ ಎದ್ದು ನಿಲ್ಲಿ. ಮತ್ತೆ ನಿಧಾನಕ್ಕೆ ಕೂತುಕೊಳ್ಳಿ. ಕಷ್ಟವಾದರೆ ಕುರ್ಚಿಯ ಮೇಲೆ ಒಂದು ತಲೆದಿಂಬು ಹಾಕಿ ಎತ್ತರ ಮಾಡಿ. ಎಂಟು ಹತ್ತು ಸಲ ಸಾಕು. ಮಂಡಿಗಳು ಒಂದಕ್ಕೊಂದು ಹತ್ತಿರ ಬರದಂತೆ ನೋಡಿಕೊಳ್ಳಿ.

ಮಾಡುವಾಗ ಸ್ವಲ್ಪ ನೋವಾಗುತ್ತದೆ. ಅದಕ್ಕೆ ಹೆದರಬೇಡಿ. ಮರುದಿನ ಬೆಳಿಗ್ಗೆಗೆ ನೋವು ಮೊದಲಿದ್ದಷ್ಟಕ್ಕೇ ಇಳಿದಿದ್ದರೆ ಸರಿ. ಜಾಸ್ತಿಯಾಗಿ ಉಳಿದಿದ್ದರೆ ಅಥವಾ ಮಂಡಿ ಊದಿದರೆ ಲೆಕ್ಕ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಆರೆಂಟು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ನಾಲ್ಕು ದಿನ ಮಾಡಿ "ಇದರಿಂದೇನೂ ಆಗುವುದಿಲ್ಲ" ಅನ್ನಬೇಡಿ ಅಕ್ಕ.

ತೋಟಕ್ಕೂ ಇಳಿಯಿರಿ. ಮೊದಲು ದಿನಕ್ಕೆ ಒಂದು ಸಲ, ಖಾಲಿ ಕೈಯಲ್ಲಿ. ಹಾಳೆಯ ಹೊರೆ, ಸೋಗೆಯ ಕಟ್ಟು ಸದ್ಯಕ್ಕೆ ಬೇಡ. ಮುರಕಲ್ಲಿನ ಮೆಟ್ಟಿಲಿದ್ದರೆ ಪಕ್ಕದಲ್ಲಿ ಅಡಿಕೆ ಮರ ಸೀಳಿ ಒಂದು ಕೈಹಿಡಿ ಕಟ್ಟಿಸಿ. ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು, ಇಳಿಯುವಾಗ ನೋವು ಜಾಸ್ತಿ ಇರುವ ಕಾಲು ಮೊದಲು. ಮಳೆಗಾಲಕ್ಕೆ ಮುಂಚೆ ಪಾಚಿ ತಿಕ್ಕಿಸಿ. ಮಂಡಿ ನೋವಿರುವವರು ಜಾರಿ ಬಿದ್ದರೆ ಸೊಂಟದ ಮೂಳೆಗೂ ಏಟು.

ಬಿಡಬೇಕಾದದ್ದು ನಡೆಯುವುದನ್ನಲ್ಲ, ಕುಕ್ಕರಗಾಲಿನಲ್ಲಿ ಕೂರುವುದನ್ನು. ಅಡಿಕೆ ಸುಲಿಯಲು ನೆಲ ಬೇಡ, ಸ್ಟೂಲು ಇಟ್ಟುಕೊಳ್ಳಿ. ಮೆಟ್ಟುಕತ್ತಿಯನ್ನು ಬಿಟ್ಟು ಮೇಜಿನ ಮೇಲೆ ಚೂರಿಯಲ್ಲಿ ತರಕಾರಿ ಹೆಚ್ಚಿ. ಪಾಯಿಖಾನೆ ಹಳೆಯ ರೀತಿಯದ್ದಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಮನೆಯವರು ಮೊದಲು ಕೊಡಿಸಬೇಕಾದ್ದು ಅದನ್ನು. ಮಾತ್ರೆಗಿಂತ ಅದರಿಂದ ಜಾಸ್ತಿ ನೆಮ್ಮದಿ ಸಿಕ್ಕಿದವರನ್ನು ನಾನು ನೋಡಿದ್ದೇನೆ.

ತೂಕದ ಬಗ್ಗೆ ನೀವು ಬರೆದಿಲ್ಲ. ಜಾಸ್ತಿ ಇದ್ದರೆ ಇಷ್ಟು ನೆನಪಿಡಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಇಳಿಯುತ್ತದೆ. ಹತ್ತಿಪ್ಪತ್ತು ಕಿಲೋ ಇಳಿಸಬೇಕೆಂದು ಹೆದರಬೇಡಿ. ರಾತ್ರಿಯ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ, ಹೆಸರು, ಕಡಲೆ, ಮೊಸರು ಜಾಸ್ತಿ ಮಾಡಿ. ಸ್ನಾಯು ಕಟ್ಟಲು ಅದು ಬೇಕು.

ಪ್ರಶ್ನೆ: ನಾನು ಯಕ್ಷಗಾನ ಕಲಾವಿದ, ವಯಸ್ಸು 47. ಪುಂಡುವೇಷ ಮಾಡುತ್ತಿದ್ದವನು, ಈಗಲೂ ಧೀಂಗಿಣ (ಹಾರಿ ಸುತ್ತುವ ಕುಣಿತ) ಹಾಕದೆ ಪ್ರೇಕ್ಷಕರು ಬಿಡುವುದಿಲ್ಲ. ಬಲ ಮಂಡಿ ನೋವು. ಆಟ ಇರುವ ದಿನ ಒಂದು ನೋವಿನ ಮಾತ್ರೆ ನುಂಗಿ ರಂಗಸ್ಥಳಕ್ಕೆ ಹೋಗುತ್ತೇನೆ. ಕೆಲವೊಮ್ಮೆ ಮಂಡಿ ಮಡಚಿದಲ್ಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಾಡಿಸಿದರೆ ಟಕ್ ಅಂತ ಬಿಡುತ್ತದೆ. ವೇಷ ಬಿಡಬೇಕಾ? (ಕುಂಬಳೆ)

ವೇಷ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಮಾತು. ಸಿಕ್ಕಿಹಾಕಿಕೊಳ್ಳುವುದು ಬರೀ ಸವೆತದ ಲಕ್ಷಣ ಅಲ್ಲ. ಮಂಡಿಯೊಳಗೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ, ಅದರ ಹರಿದ ತುಂಡು ನಡುವೆ ಸಿಕ್ಕಿರಬಹುದು. ಮೂಳೆಯ ಸಣ್ಣ ಚೂರೂ ಇರಬಹುದು. ಮೂಳೆ ಡಾಕ್ಟರಿಗೆ ತೋರಿಸಿ. ಅವರು ಎಂಆರ್‌ಐ ಬೇಕೆಂದರೆ ಮಾಡಿಸಿ. ಇದನ್ನು ಮುಂದಿನ ತಿರುಗಾಟದವರೆಗೆ ತಳ್ಳಬೇಡಿ.

ಬರೀ ಸವೆತಕ್ಕೆ ಕ್ಯಾಮರಾ ಹಾಕಿ ಮಂಡಿ ತೊಳೆಯುವ ಆಪರೇಷನ್ ಬೇಡ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ನಿಜವಾಗಿ ಮಂಡಿ ತೊಳೆದರು, ಕೆಲವರಿಗೆ ಚರ್ಮದ ಮೇಲೆ ಗೀರು ಮಾತ್ರ ಹಾಕಿ ಕಳಿಸಿದರು. ನೋವಿನಲ್ಲಿ ಇಬ್ಬರಿಗೂ ವ್ಯತ್ಯಾಸ ಇರಲಿಲ್ಲ. ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಮಂಡಿಯ ವಿಷಯ ಬೇರೆ. ಅದಕ್ಕೇ ಮೊದಲು ಪರೀಕ್ಷೆ ಆಗಬೇಕು ಅಂದದ್ದು.

ಮಾತ್ರೆಯ ವಿಷಯ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್‌ನಂಥವು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ನೀವು ರಾತ್ರಿಯಿಡೀ ಬೆವರು ಸುರಿಸುವವರು. ನೀರು ಕಡಿಮೆಯಾದ ಮೈಯಲ್ಲಿ ಮೂತ್ರಪಿಂಡಕ್ಕೆ ಇನ್ನೂ ಅಪಾಯ. ಅದಕ್ಕಿಂತ ದೊಡ್ಡ ತೊಂದರೆ, ನೋವು ಮುಚ್ಚಿಹೋದ ಮಂಡಿಯ ಮೇಲೆ ನೀವು ಹಾರುತ್ತೀರಿ. ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಮಂಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಮಾತ್ರೆಯ ಬದಲು ಅದನ್ನು ಹಚ್ಚಬಹುದಾ ಅಂತ ಡಾಕ್ಟರ ಹತ್ತಿರ ಕೇಳಿ.

ಚೌಕಿಯಲ್ಲಿ ಬಣ್ಣಕ್ಕೆ ಕೂರುವುದು ಗಂಟೆಗಟ್ಟಲೆ, ಆಮೇಲೆ ಗೆಜ್ಜೆ ಕಟ್ಟಿ ನೇರ ಕುಣಿತ. ತಣ್ಣಗಿರುವ ಸ್ನಾಯುವಿಗೆ ಅದು ಹೊಡೆತ. ಗೆಜ್ಜೆ ಕಟ್ಟುವ ಮೊದಲು ಹತ್ತು ನಿಮಿಷ ಬೇರೆ ಇಡಿ. ನಿಂತಲ್ಲೇ ನಡಿಗೆ, ಅರ್ಧ ಬೈಠಕ್, ಹಿಮ್ಮಡಿ ಎತ್ತಿ ಇಳಿಸುವುದು. ಆಟ ಮುಗಿದ ಮೇಲೆ ಮಂಡಿ ಊದಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಕಾಲು ಗಂಟೆ ಇಡಿ. ಬರೀ ಬಿಗಿತ ಇದ್ದರೆ ಬಿಸಿ ಶಾಖ ಒಳ್ಳೆಯದು.

ಮೇ ಕೊನೆಯ ಪತ್ತನಾಜೆಗೆ ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ವಿಶ್ರಾಂತಿ ಅಂತ ಕೂರಬೇಡಿ. ದೀಪಾವಳಿ ಕಳೆದು ಮತ್ತೆ ಮೇಳ ಹೊರಡುವಾಗ ತೊಡೆ ಸೊರಗಿರುತ್ತದೆ, ಧೀಂಗಿಣ ಮಾತ್ರ ಹೋದ ವರ್ಷದ್ದೇ ಬೇಕು! ಆ ಐದಾರು ತಿಂಗಳೇ ನಿಮಗೆ ಕಾಲು ಗಟ್ಟಿ ಮಾಡಿಕೊಳ್ಳುವ ಕಾಲ. ಪೆರ್ಲದ ಅಕ್ಕನಿಗೆ ಹೇಳಿದ್ದರ ಜತೆಗೆ ಮೆಟ್ಟಿಲು ಹತ್ತಿ ಇಳಿಯುವುದು, ಪೃಷ್ಠದ ಸ್ನಾಯುವಿನ ವ್ಯಾಯಾಮ, ಒಂದೇ ಕಾಲಲ್ಲಿ ನಿಲ್ಲುವುದು ಸೇರಿಸಿ. ಮೇಳದಲ್ಲಿ ಮಾತಾಡಿ ಧೀಂಗಿಣ ಕಡಿಮೆ ಇರುವ, ಮಾತಿಗೆ ಜಾಗ ಇರುವ ವೇಷ ನಡುನಡುವೆ ತೆಗೆದುಕೊಳ್ಳಿ. ನಿಮ್ಮ ಅರ್ಥಗಾರಿಕೆ ಕೇಳಲು ಕೂರುವವರೂ ಇದ್ದಾರೆ.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಊರಲ್ಲಿ ಅಮ್ಮನಿಗೆ (48) ಮೂರು ತಿಂಗಳಿಂದ ಎರಡೂ ಕೈಯ ಬೆರಳಿನ ಗಂಟು, ಮಣಿಕಟ್ಟು, ಮಂಡಿ ನೋವು. ಬೆಳಿಗ್ಗೆ ಎದ್ದರೆ ಎರಡು ಗಂಟೆ ಹೊತ್ತು ಮುಷ್ಟಿ ಕಟ್ಟಲು ಆಗುವುದಿಲ್ಲ, ರೊಟ್ಟಿ ತಟ್ಟಲು ಆಗುವುದಿಲ್ಲ. ಇಲ್ಲಿಂದ ಗಂಟಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆ ಕಳಿಸಲಾ? (ಉಪ್ಪಳದ ಓದುಗ)

ಮಾತ್ರೆ ಕಳಿಸಬೇಡಿ ತಮ್ಮಾ, ಅಮ್ಮನನ್ನು ಡಾಕ್ಟರ ಹತ್ತಿರ ಕಳಿಸಿ. ಈ ವಾರವೇ.

ವಯಸ್ಸಿನ ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಗಂಟೆಗಿಂತ ಹೆಚ್ಚು ಬಿಗಿತ, ಎರಡೂ ಕೈಯ ಸಣ್ಣ ಗಂಟುಗಳಲ್ಲಿ ಊತ ಅಂದರೆ ರುಮಟಾಯ್ಡ್ ಆರ್ತ್ರೈಟಿಸ್ ಅನುಮಾನ ಪಡಬೇಕು. ಅದು ಮೈಯ ರಕ್ಷಣಾ ವ್ಯವಸ್ಥೆಯೇ ತನ್ನ ಗಂಟುಗಳ ಮೇಲೆ ಎರಗುವ ರೋಗ. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ತಡವಾದರೆ ಹಾಳಾದ ಗಂಟು ಮತ್ತೆ ಸರಿಯಾಗುವುದಿಲ್ಲ. ಇದಕ್ಕೆ ರುಮಟಾಲಜಿಸ್ಟ್ ಅಂತ ಬೇರೆಯೇ ತಜ್ಞರಿದ್ದಾರೆ, ಮಂಗಳೂರಿನಲ್ಲಿ ಸಿಗುತ್ತಾರೆ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ರಕ್ತಪರೀಕ್ಷೆ ಬರೆದುಕೊಡುತ್ತಾರೆ. ಚಿಕುನ್‌ಗುನ್ಯ ಬಂದು ಹೋದ ಮೇಲೂ ತಿಂಗಳುಗಟ್ಟಲೆ ಹೀಗೆ ಆಗುವುದುಂಟು. ಇತ್ತೀಚೆಗೆ ಜ್ವರ ಬಂದಿತ್ತಾ ಅಂತ ಅಮ್ಮನನ್ನು ಕೇಳಿ ಡಾಕ್ಟರಿಗೆ ಹೇಳಿ.

ಇನ್ನೊಂದು ಮಾತು ತುಂಬಾ ಮುಖ್ಯ. ಈ ರೋಗಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ದಿನಾ ನುಂಗಿ ಜೀವ ಹೋದವರಿದ್ದಾರೆ. ಅಮ್ಮನಿಗೆ ಅದನ್ನು ಬರೆದರೆ ವಾರದ ಯಾವ ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ, ಆ ದಿನ ನೀವೇ ಫೋನ್ ಮಾಡಿ ನೆನಪಿಸಿ.

ಗ್ಲುಕೋಸಮೈನ್ ಬಗ್ಗೆ ಬೇರೆಯವರೂ ಕೇಳಿದ್ದಾರೆ. ಅಮೆರಿಕದಲ್ಲಿ ಸರಕಾರದ ಹಣದಲ್ಲೇ ನಡೆದ ದೊಡ್ಡ ಪ್ರಯೋಗದ ಫಲ 2006ರಲ್ಲಿ ಬಂತು. ಮಂಡಿ ಸವೆತದ ನೋವಿಗೆ ಗ್ಲುಕೋಸಮೈನ್, ಅಂಥದ್ದೇ ಇನ್ನೊಂದು ಮಾತ್ರೆ ಕಾಂಡ್ರಾಯ್ಟಿನ್, ಎರಡೂ ಒಟ್ಟಾರೆ ನೋಡಿದರೆ ಖಾಲಿ ಮಾತ್ರೆಗಿಂತ ಗಣನೀಯವಾಗಿ ಮೇಲಾಗಿರಲಿಲ್ಲ. ಆ ದುಡ್ಡಿನಲ್ಲಿ ಒಳ್ಳೆಯ ಚಪ್ಪಲಿ ತೆಗೆದುಕೊಳ್ಳಿ ಅಂತ ನಾನು ಹೇಳುವುದು.

ಪ್ರಶ್ನೆ: ಊರಲ್ಲಿ ಒಬ್ಬರು ಪೊಟ್ಟಣದಲ್ಲಿ ಪುಡಿ ಕೊಡುತ್ತಾರೆ. ಎರಡೇ ದಿನದಲ್ಲಿ ಮಂಡಿ ನೋವು ಹೋಯಿತು. ಒಂದು ವರ್ಷದಿಂದ ತಿನ್ನುತ್ತಿದ್ದೇನೆ. ಈಗ ಮುಖ ದುಂಡಗಾಗಿದೆ, ಹೊಸದಾಗಿ ಶುಗರ್ ಬಂದಿದೆ. ಪುಡಿ ನಿಲ್ಲಿಸಲಾ? (ಮುಳ್ಳೇರಿಯ, ರಬ್ಬರ್ ಟ್ಯಾಪಿಂಗ್ ಕೆಲಸ)

ಅಣ್ಣಾ, ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಹೆಸರಿಲ್ಲದ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದುಂಟು. ಮುಖ ದುಂಡಗಾಗುವುದು, ಶುಗರ್ ಏರುವುದು, ಮೂಳೆ ಟೊಳ್ಳಾಗುವುದು ಅದರ ಲಕ್ಷಣ. ತುಂಬಾ ದಿನ ತಿಂದರೆ ಮೈ ತಾನಾಗಿ ತಯಾರಿಸುವ ಸ್ಟಿರಾಯ್ಡ್ ನಿಂತುಹೋಗಿರುತ್ತದೆ. ಆಗ ದಿಢೀರ್ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಡಾಕ್ಟರು ನೋಡಿಕೊಂಡು ನಿಧಾನಕ್ಕೆ ಇಳಿಸುತ್ತಾರೆ. ಮರೆಮಾಚದೆ ಎಲ್ಲ ಹೇಳಿ. ಅವರು ಬೈದರೂ ಬೈಯಲಿ.

ಮಂಡಿಯೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಬೇರೆ ವಿಷಯ. ತುಂಬಾ ಊದಿ ನೋವಾದಾಗ ಕೆಲವು ವಾರ ಆರಾಮ ಕೊಡುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ ಅಂತ ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಮಂಡಿಯ ಪದರ ಇನ್ನೂ ತೆಳ್ಳಗಾಗಿತ್ತು, ನೋವು ಮಾತ್ರ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಕಡಿಮೆ ಆಗಿರಲಿಲ್ಲ.

ಪ್ರಶ್ನೆ: ಹಲಸು, ಬಟಾಟೆ, ಉದ್ದು ವಾಯು ಅಂತ ಅತ್ತೆ ಬಿಡಿಸಿದ್ದಾರೆ. ಮುರಿವೆಣ್ಣೆ ತಿಕ್ಕುತ್ತೇನೆ. ಸರಿಯಾ? (ನೀರ್ಚಾಲು)

ಹಲಸು ತಿಂದು ಮಂಡಿ ಸವೆಯುವುದಿಲ್ಲ. ಶುಗರ್ ಇಲ್ಲದಿದ್ದರೆ ಧಾರಾಳ ತಿನ್ನಿ, ನಮ್ಮ ಕಡೆ ವರ್ಷಕ್ಕೊಮ್ಮೆ ಬರುವುದು ಅಲ್ವಾ. ಆಹಾರದ ಪಥ್ಯ ನಿಜವಾಗಿ ಬೇಕಾಗುವುದು ಯೂರಿಕ್ ಆಸಿಡ್ ಏರಿ ಬರುವ ಗೌಟ್‌ಗೆ. ಅದು ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ರಾತ್ರೋರಾತ್ರಿ ಕೆಂಪಾಗಿ ಊದಿಕೊಂಡು ಶುರುವಾಗುತ್ತದೆ. ಅಂಥವರು ಬಿಯರ್, ಕರುಳು-ಪಿತ್ತಜನಕಾಂಗದಂಥ ಮಾಂಸ ಬಿಡಬೇಕು, ಬೂತಾಯಿ ಮೀನು ಕಡಿಮೆ ಮಾಡಬೇಕು. ಎಣ್ಣೆ ತಿಕ್ಕುವುದರಲ್ಲಿ ತಪ್ಪಿಲ್ಲ. ಬಿಸಿಯಾಗಿ ತಿಕ್ಕಿದರೆ ಬಿಗಿತ ಸಡಿಲಿ ಹಿತವಾಗುತ್ತದೆ, ಆ ಹಿತ ಇರುವಾಗಲೇ ವ್ಯಾಯಾಮ ಮುಗಿಸಿಬಿಡಿ. ಮಂಡಿ ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜತೆಗೆ ಜ್ವರ ಇದ್ದರೆ ಮಾತ್ರ ಎಣ್ಣೆ ಮುಟ್ಟಬೇಡಿ. ಒಳಗೆ ಕೀವು ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕಿ, 59 ವರ್ಷ. ಎರಡೂ ಮಂಡಿ ಬದಲಿಸಿ ಅಂತ ಹೇಳಿದ್ದಾರೆ. ಮನೆಯೊಳಗೆ ಓಡಾಡುತ್ತೇನೆ, ಬಸ್ಸು ಹತ್ತಲು ಕಷ್ಟ. ಈಗಲೇ ಮಾಡಿಸಲಾ, ತಡೆಯಲಾ? (ಮಂಜೇಶ್ವರ)

ಟೀಚರ್, ನಿಮಗೇ ನೀವು ಕೆಲವು ಪ್ರಶ್ನೆ ಕೇಳಿಕೊಳ್ಳಿ. ನೋವಿನಿಂದ ರಾತ್ರಿ ಎಚ್ಚರವಾಗುತ್ತದಾ? ನಡುವೆ ನಿಲ್ಲದೆ ಪಕ್ಕದ ಅಂಗಡಿಗೆ ಹೋಗಿ ಬರಲು ಆಗುತ್ತದಾ? ಮೂರು ತಿಂಗಳು ಸರಿಯಾಗಿ, ಯಾರಾದರೂ ಹೇಳಿಕೊಟ್ಟು ವ್ಯಾಯಾಮ ಮಾಡಿದ್ದೀರಾ? ಮೂರನೆಯದಕ್ಕೆ ಇಲ್ಲ ಅಂತಾದರೆ ಮೊದಲು ಅದು. ಮಾಡಿದ ಮೇಲೂ ನಿದ್ದೆಯಿಲ್ಲ, ನಡೆಯಲಾಗುವುದಿಲ್ಲ ಅಂತಾದರೆ ಹೆದರದೆ ಮಾಡಿಸಿ. ಒಳ್ಳೆಯ ಆಪರೇಷನ್ ಅದು. 2019ರಲ್ಲಿ ಬಂದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ ಬದಲಿಸಿದ ಮಂಡಿಗಳಲ್ಲಿ ನೂರರಲ್ಲಿ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಆದರೂ ಹತ್ತರಲ್ಲಿ ಒಬ್ಬಿಬ್ಬರಿಗೆ ಆಮೇಲೂ ನೋವು ಉಳಿಯುತ್ತದೆ. ಇದನ್ನು ಮೊದಲೇ ತಿಳಿದಿರಬೇಕು. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದನ್ನೂ ಹೆಚ್ಚಿನ ಡಾಕ್ಟರುಗಳು ಬೇಡ ಅನ್ನುತ್ತಾರೆ.

ಮಂಡಿಯೊಳಗೆ ಕೂರಿಸುವ ಸಾಧನಕ್ಕೆ ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ ದರದ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂನದ್ದಕ್ಕೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಬಿಲ್ಲಿನಲ್ಲಿ ಸಾಧನದ ಬೆಲೆ ಪ್ರತ್ಯೇಕ ತೋರಿಸಿ ಅಂತ ಕೇಳಿ. ಅದರ ಕಂಪನಿ, ನಂಬರಿನ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ. ಆಪರೇಷನ್ ಆದ ಮೇಲಿನ ಮೊದಲ ಆರು ವಾರ ಮಂಡಿ ಮಡಚುವ ವ್ಯಾಯಾಮಕ್ಕೆ ತುಂಬಾ ಬೆಲೆ ಇದೆ. ನಿತ್ಯ ಮಂಗಳೂರಿಗೆ ಓಡುವುದು ಆಗದ ಮಾತು. ಮನೆಗೆ ಬಂದು ಮಾಡಿಸುವವರನ್ನು ಆಪರೇಷನ್ನಿಗೆ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ತೊಡೆಯ ವ್ಯಾಯಾಮವನ್ನೂ ಈಗಿನಿಂದಲೇ ಶುರು ಮಾಡಿ. ಗಟ್ಟಿ ಕಾಲಿನಿಂದ ಒಳಗೆ ಹೋದವರು ಬೇಗ ಎದ್ದು ನಡೆಯುತ್ತಾರೆ.

ಪ್ರಶ್ನೆ: ನನ್ನ ಎಡ ಮಂಡಿ ನೋವು. ಕೋಲು ಯಾವ ಕೈಯಲ್ಲಿ? (ಅಡೂರು)

ಬಲಗೈಯಲ್ಲಿ. ಎಡಗಾಲು ಮುಂದೆ ಇಡುವಾಗಲೇ ಕೋಲೂ ಮುಂದೆ ಹೋಗಲಿ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಬುಡದ ರಬ್ಬರ್ ಸವೆದಿದ್ದರೆ ಬದಲಿಸಿ, ಮಳೆಗಾಲದಲ್ಲಿ ಸಿಮೆಂಟಿನ ಜಗಲಿಯಲ್ಲಿ ಜಾರುತ್ತದೆ. ಮೆಡಿಕಲ್ ಶಾಪಿನಲ್ಲಿ ರಬ್ಬರ್ ಮಾತ್ರ ಬೇರೆಯಾಗಿಯೂ ಸಿಗುತ್ತದೆ.